ಕಂಪ್ಯೂಟರ್ ಡಬ್ಬಿಗೆ ಬಣ್ಣ ಹೊಡೆದದ್ದು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು. ಸ್ಮರಣ ಸಂಚಿಕೆಯ ಸಮಿತಿಯವರ ಕೋರಿಕೆಯಂತೆ ಬರೆದುಕೊಟ್ಟದ್ದು.)



ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಇಂಜಿನಿಯರು, ಒಬ್ಬರು ಕಾಲೇಜಿನ ಪ್ರಾಧ್ಯಾಪಕರು. ನಾನು ಇದೇ ಶಾಲೆಯಿಂದ 1996ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತು ಗಣಿತದಲ್ಲಿ ಫೇಲಾದವನು. ಆಮೇಲೆ ಶಿವಮೊಗ್ಗದ ಒಂದು ಗ್ಯಾರೇಜಿಗೆ ಸೇರಿದೆ. ಮೊದಲ ಎರಡು ವರ್ಷ ಉಪ್ಪುಕಾಗದ ಉಜ್ಜುವುದೇ ಕೆಲಸ. ಮೂರನೆಯ ವರ್ಷ ಸ್ಪ್ರೇ ಗನ್ ಕೈಗೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಕಾರು, ಬಸ್ಸು, ಬೈಕು, ಗಾಡ್ರೆಜ್ ಬೀರು, ಒಮ್ಮೆ ಜಾತ್ರೆಯ ತೊಟ್ಟಿಲು, ಹೀಗೆ ಸಿಕ್ಕಿದ್ದಕ್ಕೆಲ್ಲ ಬಣ್ಣ ಹೊಡೆದಿದ್ದೇನೆ. ಭಾಷಣ ಮಾತ್ರ ಮಾಡಿಲ್ಲ. ಅದಕ್ಕೇ ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಮಾತಾಡುತ್ತೇನೆ ಎಂದು ಸಮಿತಿಯವರಿಗೆ ಮೊದಲೇ ಹೇಳಿದ್ದೆ.

ಈ ಮೇಜಿನ ಮೇಲೆ ಎರಡು ಡಬ್ಬಿ ಇಟ್ಟಿದ್ದೇನೆ. ನಾವೆಲ್ಲ ಇದನ್ನು ಸಿಪಿಯು ಅನ್ನುತ್ತೇವೆ. ತಿಳಿದವರು ಕ್ಯಾಬಿನೆಟ್ ಅನ್ನುತ್ತಾರೆ. ಒಂದು ಹಣ್ಣಡಿಕೆಯ ಬಣ್ಣದ್ದು, ಚೆನ್ನಾಗಿದೆ. ಇನ್ನೊಂದನ್ನು ನೋಡಿದರೆ ತೊನ್ನು ಹತ್ತಿದ ಹಾಗಿದೆ. ಎರಡಕ್ಕೂ ಬಣ್ಣ ಹೊಡೆದವನು ನಾನೇ. ಚೆನ್ನಾಗಿರುವುದರ ಕಥೆಗಿಂತ ಕೆಟ್ಟದ್ದರ ಕಥೆ ಮೊದಲು ಹೇಳಬೇಕು.

ಕಳೆದ ಜೂನ್ ತಿಂಗಳಲ್ಲಿ ಮಹೋತ್ಸವದ ಮೊದಲ ಸಭೆ ನಡೆದಾಗ ನಾವೆಲ್ಲ ಶಾಲೆಯ ಕೋಣೆಗಳನ್ನು ನೋಡುತ್ತಾ ಬಂದೆವು. ಕಂಪ್ಯೂಟರ್ ಕೋಣೆಯಲ್ಲಿ ಎಂಟು ಯಂತ್ರಗಳಿದ್ದವು. ಕೆಲವು ಸರ್ಕಾರದಿಂದ ಬಂದವು, ಕೆಲವು ದಾನಿಗಳು ಕೊಟ್ಟವು. ನಮ್ಮ ಮಲೆನಾಡಿನ ಮಳೆ ನಿಮಗೆ ಗೊತ್ತು. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ತೆಳು ತಗಡಿನ ಡಬ್ಬಿ ಎಷ್ಟು ದಿನ ಬಾಳುತ್ತದೆ? ಬುಡದಲ್ಲಿ ತುಕ್ಕು, ಅಂಚಿನಲ್ಲಿ ಬಣ್ಣ ಎದ್ದು ಚಕ್ಕೆ, ಮುಂದಿನ ಪ್ಲಾಸ್ಟಿಕ್ ಹಳದಿಗಟ್ಟಿ ಹೋಗಿತ್ತು. ಬೆಂಗಳೂರಿನಲ್ಲಿರುವ ನಮ್ಮ ಒಬ್ಬ ಹಳೆಯ ವಿದ್ಯಾರ್ಥಿ ಎರಡು ಭಾನುವಾರ ಬಂದು ಒಳಗಿನ ಧೂಳು ತೆಗೆದು, ಹಾರ್ಡ್ ಡಿಸ್ಕ್ ಬದಲಿಸಿ, ಎಂಟರಲ್ಲಿ ಆರನ್ನು ಎಬ್ಬಿಸಿ ಕೂರಿಸಿದ್ದ. ಆದರೂ ಸಭೆಯಲ್ಲಿ ಒಬ್ಬರು, "ಅತಿಥಿಗಳು ಬಂದಾಗ ಆ ಕೋಣೆಗೆ ಒಂದು ಬೀಗ ಹಾಕಿಬಿಡೋಣ, ಮರ್ಯಾದೆ ಹೋಗುತ್ತೆ" ಅಂದರು.

ಆಗ ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಬಾಗಿಲ ಹತ್ತಿರ ನಿಂತು, "ಸಾರ್, ಅವು ನಡೀತಾವಲ್ಲ, ಯಾಕೆ ಬೀಗ ಹಾಕ್ತೀರಿ?" ಎಂದು ಕೇಳಿಬಿಟ್ಟಳು. ಯಾರೂ ಉತ್ತರ ಹೇಳಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಜಂಬದಿಂದ, "ಇದೇನು, ಅರ್ಧ ದಿನದ ಕೆಲಸ" ಅಂದೆ.

ಆ ಅರ್ಧ ದಿನದ ಫಲ ನೋಡಿ ಇದು.

ಜುಲೈ ತಿಂಗಳು. ಹೊರಗೆ ಮಳೆ ಸುರಿಯುತ್ತಿತ್ತು. ಒಂದು ಡಬ್ಬಿ ಎತ್ತಿಕೊಂಡು ಹಿಂದಿನ ಜಗುಲಿಗೆ ಹೋದೆ. ಮೊದಲು ಮಾಡಿದ ತಪ್ಪು, ಥಿನ್ನರ್ ಅದ್ದಿದ ಬಟ್ಟೆಯಿಂದ ಮುಂದಿನ ಪ್ಲಾಸ್ಟಿಕ್ಕನ್ನು ಒರೆಸಿದ್ದು. ತಗಡಿಗೆ ನಡೆಯುವುದು ಪ್ಲಾಸ್ಟಿಕ್ಕಿಗೆ ನಡೆಯುವುದಿಲ್ಲ. ಈ ಮುಖವಾಡಗಳು ಹೆಚ್ಚಾಗಿ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನವು. ಥಿನ್ನರ್ ತಾಗಿದರೆ ಅದು ಬೆಲ್ಲದ ಹಾಗೆ ಅಂಟಂಟಾಗುತ್ತದೆ. ಇಲ್ಲಿ ನೋಡಿ, ನನ್ನ ಮೂರು ಬೆರಳಿನ ಗುರುತು ಈಗಲೂ ಇದೆ.

ಎರಡನೆಯದು, ತುಕ್ಕು ಉಜ್ಜುವ ರಭಸದಲ್ಲಿ ಪಕ್ಕದಲ್ಲಿ ಬರೆದಿದ್ದ ದಾಸ್ತಾನು ವಹಿಯ ನಂಬರನ್ನೂ ಉಜ್ಜಿ ತೆಗೆದೆ. ಮೇಡಂ ಬಂದು ನೋಡಿ, "ಇದರ ನಂಬರ್ ಎಲ್ಲಿ? ಆಡಿಟ್‌ನವರು ಬಂದರೆ ನಂಬರ್ ಇಲ್ಲದ ಕಂಪ್ಯೂಟರ್ ಇಲ್ಲದ ಕಂಪ್ಯೂಟರೇ" ಅಂದರು. ಸರ್ಕಾರಿ ಸಾಮಾನಿಗೆ ಬಣ್ಣ ಹೊಡೆಯುವ ಮೊದಲು ಅನುಮತಿ ಬೇಕು, ನಂಬರ್ ಉಳಿಯಬೇಕು ಎಂದು ಅವತ್ತು ಕಲಿತೆ. ಇಪ್ಪತ್ತು ವರ್ಷ ಖಾಸಗಿ ವಾಹನಗಳ ಕೆಲಸ ಮಾಡಿದವನಿಗೆ ಇದು ಹೊಳೆದೇ ಇರಲಿಲ್ಲ.

ಮೂರನೆಯದು ಈ ಬಿಳಿ ಮಂಕು. ಗ್ಯಾರೇಜಿನಲ್ಲಿ ಉಳಿದಿದ್ದ ಎನ್‌ಸಿ ಬಣ್ಣವನ್ನು ಮಳೆಯ ಥಂಡಿಯಲ್ಲೇ ಹೊಡೆದೆ. ಬೇಗ ಒಣಗುವ ಬಣ್ಣದಲ್ಲಿ ಥಿನ್ನರ್ ಸರಸರನೆ ಹಾರಿಹೋಗುತ್ತದೆ. ಹಾರುವಾಗ ತಗಡನ್ನು ತಣ್ಣಗೆ ಮಾಡುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಹಾಗೆಯೇ ಗಾಳಿಯ ಪಸೆ ಹಸಿ ಬಣ್ಣದ ಮೇಲೆ ಕೂತು ಒಳಗೆ ಸಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಬೂಸಲು ಹಿಡಿದ ಹಾಗೆ ಬೆಳ್ಳಗೆ ಕಾಣುತ್ತದೆ.

ನಾಲ್ಕನೆಯದು ಈ ಸುಕ್ಕು. ಇನ್ನೊಂದು ಪಕ್ಕಕ್ಕೆ ಸಾಧಾರಣ ಸಿಂಥೆಟಿಕ್ ಎನಾಮೆಲ್ ಹೊಡೆದಿದ್ದೆ. ಮಾರನೇ ದಿನ ಮುಟ್ಟಿ ನೋಡಿದರೆ ಅಂಟಲಿಲ್ಲ. ಒಣಗಿದೆ ಎಂದುಕೊಂಡು ಅದರ ಮೇಲೆ ಎನ್‌ಸಿ ಹೊಡೆದೆ. ಮೇಲೆ ಮಾತ್ರ ಹೆಪ್ಪಾಗಿ ಒಳಗೆ ಇನ್ನೂ ಹಸಿಯಿದ್ದ ಎನಾಮೆಲ್ಲು ಹೊಸ ಥಿನ್ನರನ್ನು ಕುಡಿದು ಉಬ್ಬಿತು. ಕಾಯಿಸಿದ ಹಾಲಿನ ಕೆನೆ ಸುಕ್ಕುಗಟ್ಟುತ್ತದಲ್ಲ, ಹಾಗೆ ಕಣ್ಣೆದುರೇ ಸುಕ್ಕಾಯಿತು. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಒಬ್ಬ ಹುಡುಗ ನಿಜವಾಗಿ, "ಸಾರ್, ಇದು ಡಿಸೈನಾ?" ಎಂದು ಕೇಳಿದ. ಈ ಶಾಲೆಯಲ್ಲಿ ನನ್ನನ್ನು ಸಾರ್ ಎಂದು ಕರೆದದ್ದು ಅದೇ ಮೊದಲು. ಅಂಥ ಹೊತ್ತಿನಲ್ಲಿ!

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇವೆಲ್ಲ ನನಗೆ ಗೊತ್ತಿಲ್ಲದ ವಿಷಯಗಳೇನಲ್ಲ. ಗಿರಾಕಿಯ ಕಾರಿಗೆ ಹೀಗೆ ಮಾಡುತ್ತಿದ್ದೆನೇ? ಇಲ್ಲ. ಶಾಲೆಯದ್ದು, ಪುಕ್ಕಟೆ ಕೆಲಸ, ಬೇಗ ಮುಗಿದರೆ ಸಾಕು ಎಂದುಕೊಂಡಿದ್ದೆ. ಗಣಿತದಲ್ಲಿ ಫೇಲಾದಾಗ ಆಗಿದ್ದಕ್ಕಿಂತ ಹೆಚ್ಚು ನಾಚಿಕೆ ಅವತ್ತು ಆಯಿತು. ಮೇಡಂ ಹತ್ತಿರ ಹೋಗಿ, ಮಳೆ ಮುಗಿದ ಮೇಲೆ ಡಿಸೆಂಬರಿನಲ್ಲಿ ಮಕ್ಕಳ ಜೊತೆ ಕೂತು ಸರಿಯಾಗಿ ಮಾಡುತ್ತೇನೆ ಎಂದು ಹೇಳಿ ಬಂದೆ.

ಈಗ ಎರಡನೆಯ ಡಬ್ಬಿ. ಇದನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು, ಅದಕ್ಕೇ ಹೇಗೆ ಮಾಡಿದೆವು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗನ್ನು, ಕಂಪ್ರೆಸರು ಬಿಟ್ಟು ಈ ಬಾರಿ ಅಂಗಡಿಯಲ್ಲಿ ಸಿಗುವ ಸ್ಪ್ರೇ ಕ್ಯಾನ್ ತಂದೆ. 1949ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿ ಇದನ್ನು ಮೊದಲು ಮಾಡಿದ. ಯೋಚನೆ ಹೇಳಿಕೊಟ್ಟವರು ಅವನ ಹೆಂಡತಿ ಬಾನಿ. ಚಿಕ್ಕ ಕೆಲಸಕ್ಕೆ ಇದೇ ಸರಿ. ಒಂದು ಕ್ಯಾಬಿನೆಟ್ಟಿನ ಹೊರಮೈಗೆ ಮೂರು ಕೋಟ್ ಹೊಡೆಯಲು 400 ಮಿಲಿಲೀಟರಿನ ಕ್ಯಾನ್ ಒಂದು ಹತ್ತಿರ ಹತ್ತಿರ ಮುಗಿಯುತ್ತದೆ. ಪ್ರೈಮರ್ ಬೇರೆ. ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್, ಮೂರೂ ಒಂದೇ ಕಂಪನಿಯ ಒಂದೇ ಜಾತಿಯವಾಗಿದ್ದರೆ ಸುಕ್ಕಿನ ಭಯ ಕಡಿಮೆ. ನಾವು ಅಕ್ರಿಲಿಕ್ ತೆಗೆದುಕೊಂಡೆವು.

ಯಾವ ಬಣ್ಣ ಎಂಬುದಕ್ಕೆ ಮಕ್ಕಳಲ್ಲಿ ದೊಡ್ಡ ಜಗಳ. ಹುಡುಗರೆಲ್ಲ ಹೊಳೆಯುವ ಕಪ್ಪು ಬೇಕು ಅಂದರು. ನಾನು ಒಂದು ಕಪ್ಪು ಹೆಲ್ಮೆಟ್ ತಂದು ಕಿಟಕಿಯಲ್ಲಿಟ್ಟೆ. ಎರಡು ದಿನದಲ್ಲಿ ಆಟದ ಬಯಲಿನ ಕೆಮ್ಮಣ್ಣಿನ ಧೂಳೂ ಬೆರಳಿನ ಗುರುತೂ ಅದರ ಮೇಲೆ ಎದ್ದು ಕಂಡವು. ಹೊಳಪಿನ ಬಣ್ಣ ಕನ್ನಡಿಯಿದ್ದ ಹಾಗೆ. ತಗಡಿನ ನೆಗ್ಗು, ಉಬ್ಬು ಎಲ್ಲವನ್ನೂ ತೋರಿಸಿಬಿಡುತ್ತದೆ. ತೀರಾ ಮ್ಯಾಟ್ ಆದರೆ ಕೊಳೆ ಒರೆಸಿದಲ್ಲಿ ಗುರುತು ನಿಲ್ಲುತ್ತದೆ. ನಡುವಿನ ಸ್ಯಾಟಿನ್ ಹೊಳಪು ಹಳೆಯ ಡಬ್ಬಿಗೆ ಒಳ್ಳೆಯದು. ಕೊನೆಗೆ ಮೂರಕ್ಕೆ ಗದ್ದೆಯ ಹಸಿರು, ಮೂರಕ್ಕೆ ಹಣ್ಣಡಿಕೆಯ ಬಣ್ಣ ಎಂದು ಮಕ್ಕಳೇ ಕೈಯೆತ್ತಿ ತೀರ್ಮಾನಿಸಿದರು. ಒಂದು ಗುಟ್ಟು ಹೇಳುತ್ತೇನೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ಅವುಗಳ ಕೆಳಗೆ ಬಿಳಿ ಪ್ರೈಮರ್ ಇರಬೇಕು. ಕಡು ಬಣ್ಣಗಳಿಗೆ ಬೂದು ಸಾಕು. ಮುಚ್ಚಳ ನೋಡಿ ಬಣ್ಣ ಆರಿಸಬೇಡಿ. ಒಂದು ಹಳೆಯ ತಗಡಿನ ಮೇಲೆ ಹೊಡೆದು, ಒಣಗಿದ ಮೇಲೆ, ಆ ಕೋಣೆಯ ಟ್ಯೂಬ್‌ಲೈಟಿನ ಕೆಳಗೇ ಇಟ್ಟು ನೋಡಿ.

ಬಣ್ಣಕ್ಕೆ ಮೊದಲು ಬಿಚ್ಚುವ ಕೆಲಸ. ಪ್ಲಗ್ ಕಿತ್ತು, ಬೋರ್ಡು, ಡಿಸ್ಕು, ಫ್ಯಾನು, ವೈರು ಎಲ್ಲವನ್ನೂ ಹೊರಗೆ ತೆಗೆಯಬೇಕು. ನಮ್ಮ ಬೆಂಗಳೂರಿನ ಗೆಳೆಯ ಒಂದೊಂದು ವೈರಿಗೂ ಚೀಟಿ ಅಂಟಿಸಿ, ಫೋನಿನಲ್ಲಿ ಫೋಟೋ ತೆಗೆಸಿದ. ಕರೆಂಟಿನ ಡಬ್ಬಿ, ಅಂದರೆ ಎಸ್‌ಎಂಪಿಎಸ್ಸನ್ನು ಹಾಗೇ ಇಡಿಯಾಗಿ ತೆಗೆದಿಡಬೇಕು. ಅದರ ಮುಚ್ಚಳ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರಬಹುದು.

ಆಮೇಲೆ ಸೋಪಿನ ನೀರಿನ ಸ್ನಾನ. ಮೇಣ, ಎಣ್ಣೆ, ಕೈಯ ಜಿಡ್ಡು ಹೋಗದೆ ಯಾವ ಬಣ್ಣವೂ ಕೂರುವುದಿಲ್ಲ. ಪೂರ್ತಿ ಒಣಗಿದ ಮೇಲೆ ಉಜ್ಜುವುದು. ಈ ತಗಡಿನ ಮೇಲೆ ತೆಳುವಾದ ಸತುವಿನ ಲೇಪ ಇರುತ್ತದೆ. ತುಕ್ಕು ತಡೆಯುವುದು ಅದೇ. ಹಳೆಯ ಬಣ್ಣ ಗಟ್ಟಿಯಾಗಿದ್ದಲ್ಲಿ ಅದನ್ನು ಪೂರ್ತಿ ಕೀಳಬಾರದು. 400 ನಂಬರಿನ ವಾಟರ್ ಪೇಪರಿನಿಂದ ಹೊಳಪು ಹೋಗುವಷ್ಟು ತರಚಿದರೆ ಸಾಕು. ತುಕ್ಕಿದ್ದಲ್ಲಿ ಮಾತ್ರ 220 ಹಿಡಿದು ತಗಡು ಕಾಣುವವರೆಗೆ ಉಜ್ಜಿ, ಸತುವಿನ ತಗಡಿಗೂ ಹಿಡಿಯುವಂಥ ಪ್ರೈಮರನ್ನು ಆ ದಿನವೇ ಹೊಡೆಯಬೇಕು. ಪ್ಲಾಸ್ಟಿಕ್ ಮುಖಕ್ಕೆ 600 ನಂಬರು, ಅದರ ಮೇಲೆ ಪ್ಲಾಸ್ಟಿಕ್ ಪ್ರೈಮರ್. ಥಿನ್ನರ್ ಮುಟ್ಟಿಸಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಮಾಸ್ಕಿಂಗ್ ಟೇಪ್. ನಂಬರಿನ ಮೇಲೆ ಟೇಪು ಮೊದಲು! ಮತ್ತೆ ಒಳಗೆ ಬೋರ್ಡು ಕೂರುವ ತಿರುಪಿನ ಜಾಗ, ಹಿಂದೆ ವೈರು ಚುಚ್ಚುವ ಜಾಗದ ಸುತ್ತಿನ ತಗಡು, ಇಲ್ಲೆಲ್ಲ ಬಣ್ಣ ಬೀಳಬಾರದು. ಅಲ್ಲಿ ತಗಡಿಗೆ ತಗಡು ಮುಟ್ಟಿದರೆ ಮಾತ್ರ ಅರ್ಥಿಂಗ್ ಸರಿಯಾಗಿ ಆಗುತ್ತದೆ. ಗಾಳಿ ಆಡುವ ತೂತುಗಳೂ ದಪ್ಪ ಬಣ್ಣದಿಂದ ಮುಚ್ಚಬಾರದು. ನೋಡಿ, ಬಣ್ಣ ಇನ್ನೂ ಮುಟ್ಟಿಲ್ಲ, ಎರಡು ದಿನ ಕಳೆಯಿತು. ಮಕ್ಕಳು ಬೇಸರಪಡಲಿಲ್ಲ. ಬೇಸರ ಬಂದದ್ದು ನನಗೆ.

ಬಣ್ಣಕ್ಕೆ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು ಆರಿಸಿದೆವು. ಇಬ್ಬನಿ ಆರಿರುತ್ತದೆ, ಗಾಳಿ ಇನ್ನೂ ಎದ್ದಿರುವುದಿಲ್ಲ, ಬಿಸಿಲು ತಗಡನ್ನು ಕಾಯಿಸಿರುವುದಿಲ್ಲ. ಕ್ಯಾನನ್ನು ಅಲ್ಲಾಡಿಸಿದರೆ ಒಳಗೆ ಗೋಲಿ ಕಟಕಟ ಅನ್ನುತ್ತದೆ. ಆ ಸದ್ದು ಬಂದ ಮೇಲೆ ಇನ್ನೂ ಎರಡು ನಿಮಿಷ ಅಲ್ಲಾಡಿಸಬೇಕು. ತಳದಲ್ಲಿ ಕೂತ ಬಣ್ಣ ಕಲಸಬೇಕಲ್ಲ. ಆಮೇಲೆ ಒಂದು ಗೇಣು ದೂರ. ಸ್ಕೇಲ್ ಬೇಡ, ನಿಮ್ಮ ಕೈಯ ಗೇಣೇ ಸಾಕು. ಹತ್ತಿರ ಹಿಡಿದರೆ ಬಣ್ಣ ಇಳಿಯುತ್ತದೆ. ದೂರ ಹಿಡಿದರೆ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ, ಮುಟ್ಟಿದರೆ ರವೆಯ ಹಾಗೆ ಒರಟು. ಡಬ್ಬಿಯ ಅಂಚಿನ ಹೊರಗೆ ಒತ್ತಲು ಶುರುಮಾಡಿ, ಆಚೆ ಅಂಚು ದಾಟಿದ ಮೇಲೆ ಬೆರಳು ಬಿಡಬೇಕು. ಮಣಿಕಟ್ಟು ತಿರುಗಿಸಬಾರದು, ಇಡೀ ತೋಳು ಚಲಿಸಬೇಕು. ಒಂದು ಪಟ್ಟಿಯ ಅರ್ಧದ ಮೇಲೆ ಮುಂದಿನ ಪಟ್ಟಿ ಬರಬೇಕು. ನಮ್ಮ ಅಮ್ಮಂದಿರು ಅಂಗಳಕ್ಕೆ ಸಗಣಿ ಸಾರಿಸುವಾಗ ಹೀಗೆಯೇ ಅಲ್ಲವೇ, ಒಂದು ಬಾಚಿನ ಮೇಲೆ ಇನ್ನೊಂದು ಬಾಚು?

ಮೊದಲ ಕೋಟಿನಲ್ಲಿ ಕೆಳಗಿನದು ಕಾಣಲೇಬೇಕು. ಒಂದೇ ಸಲಕ್ಕೆ ಮುಚ್ಚಲು ಹೋದವನು ಕೆಟ್ಟ. ತೆಳುವಾಗಿ ಒಂದು, ಹತ್ತು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು. ಎರಡು ಕೋಟಿನ ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಕ್ಯಾನಿನ ಮೇಲೆ ಬರೆದಿರುತ್ತದೆ, ಓದಿ. ಓದುವುದು ಶಾಲೆ ಕಲಿಸಿದ ವಿದ್ಯೆ, ನಾವು ಕೆಲಸಗಾರರು ಅದನ್ನೇ ಮಾಡುವುದಿಲ್ಲ. ಬಣ್ಣ ಇಳಿದರೆ ಬೆರಳಿನಿಂದ ಒರೆಸಬೇಡಿ. ಪೂರ್ತಿ ಒಣಗಲು ಬಿಟ್ಟು, ವಾಟರ್ ಪೇಪರಿನಿಂದ ಸಮ ಮಾಡಿ, ಮತ್ತೆ ಹೊಡೆಯಿರಿ. ಹೊಡೆದ ಮೇಲೆ ಒಂದು ದಿನ ಮುಟ್ಟದಿರುವುದು, ಒಂದು ವಾರ ಜೋಡಿಸದಿರುವುದು ಒಳ್ಳೆಯದು. ಮೇಲೆ ಒಣಗಿದ್ದರೂ ಒಳಗೆ ಮಾಗಲು ಸಮಯ ಬೇಕು. ಹಲಸಿನ ಹಣ್ಣಿನ ಊರಿನವರಿಗೆ ಇದನ್ನು ನಾನು ಹೇಳಬೇಕೇ?

ಇನ್ನು ಒಂದೇ ಒಂದು ವಿಷಯ. ನಾನು ಈ ವೇದಿಕೆ ಹತ್ತಿದ್ದೇ ಇದನ್ನು ಹೇಳುವುದಕ್ಕೆ.

ಡಿಸೆಂಬರಿನ ಆ ಬೆಳಿಗ್ಗೆ ಮಕ್ಕಳಿಗೆ ಮತ್ತು ಮೇಷ್ಟ್ರುಗಳಿಗೆ ಎಂದು ಹನ್ನೆರಡು ಮಾಸ್ಕ್ ತಂದಿದ್ದೆ. ಬಟ್ಟೆಯದ್ದಲ್ಲ, ಎರಡು ಕಡೆ ಇದ್ದಿಲಿನ ಡಬ್ಬಿ ಇರುವಂಥದ್ದು. ಬಟ್ಟೆ ಮಾಸ್ಕು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಧೂಳು ತಡೆಯುವ ಎನ್-95 ಕೂಡ ಆವಿಯನ್ನು ತಡೆಯುವುದಿಲ್ಲ. ಮಕ್ಕಳನ್ನು ಗಾಳಿ ಬರುವ ಕಡೆ, ದೂರ ನಿಲ್ಲಿಸಿದೆ. ಹತ್ತಿರದಲ್ಲಿ ಒಲೆ, ಬೀಡಿ, ಬೆಂಕಿ ಯಾವುದೂ ಇರಬಾರದು ಎಂದು ಹೇಳಿದೆ, ಕ್ಯಾನಿನೊಳಗೆ ಬಣ್ಣವನ್ನು ತಳ್ಳುವ ಅನಿಲಕ್ಕೂ ಬೆಂಕಿ ಹತ್ತುತ್ತದೆ. ಖಾಲಿ ಕ್ಯಾನನ್ನು ತೂತು ಮಾಡಬಾರದು, ಬೆಂಕಿಗೆ ಹಾಕಬಾರದು ಎಂದೂ ಹೇಳಿದೆ. ಎಲ್ಲ ಹೇಳಿ ಕ್ಯಾನ್ ಎತ್ತಿಕೊಂಡೆ. ಅದೇ ಹುಡುಗಿ, "ಸಾರ್, ನಿಮ್ಮ ಮಾಸ್ಕ್ ಎಲ್ಲಿ?" ಅಂದಳು.

ನನಗೆ ಎಂದು ತಂದೇ ಇರಲಿಲ್ಲ. ನೆನಪೇ ಆಗಿರಲಿಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೆಗಲ ಮೇಲಿನ ಟವೆಲ್ಲನ್ನೇ ಮೂಗಿಗೆ ಸುತ್ತಿಕೊಂಡು ಹೊಡೆದವನು ನಾನು.

ನನಗೆ ಕೆಲಸ ಕಲಿಸಿದ ಉಸ್ತಾದರೂ ಹಾಗೆಯೇ ಮಾಡುತ್ತಿದ್ದರು. ಅವರ ಕೈ ಎಂಥದ್ದೆಂದರೆ ಬಸ್ಸಿನ ಉದ್ದಕ್ಕೂ ಒಂದೇ ಉಸಿರಿನಲ್ಲಿ ಪಟ್ಟಿ ಎಳೆಯುತ್ತಿದ್ದರು, ಕೂದಲಷ್ಟೂ ಸೊಟ್ಟ ಆಗುತ್ತಿರಲಿಲ್ಲ. ಒಂದೇ ಉಸಿರು ಎಂದು ಬಾಯಿಮಾತಿಗೆ ಹೇಳಿದೆ. ಐವತ್ತು ದಾಟುವ ಹೊತ್ತಿಗೆ ಅವರಿಗೆ ಆ ಒಂದು ಉಸಿರೇ ದುಬಾರಿಯಾಯಿತು. ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಭಾಗದ ಬಣ್ಣಗಳು ಬಂದ ಮೇಲೆ ಕೆಮ್ಮು ಹೆಚ್ಚಾಯಿತು. ಆ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಶ್ವಾಸಕೋಶ ಒಮ್ಮೆ ಅದಕ್ಕೆ ಮುನಿದುಕೊಂಡರೆ ಆಮೇಲೆ ಸ್ವಲ್ಪ ತಾಗಿದರೂ ಆಸ್ತಮಾ ಎದ್ದು ಬರುತ್ತದೆ. ಇದ್ದಿಲಿನ ಮಾಸ್ಕನ್ನೂ ಅದಕ್ಕೆ ನೆಚ್ಚಿಕೊಳ್ಳಬಾರದು, ಹೊರಗಿನ ಶುದ್ಧ ಗಾಳಿ ಬರುವ ಕೊಳವೆಯ ಮುಖವಾಡ ಬೇಕು. ಆದ್ದರಿಂದ ಆ ಜಾತಿಯ ಬಣ್ಣ ಶಾಲೆಗೂ ಮನೆಗೂ ಬೇಡವೇ ಬೇಡ. ಉಸ್ತಾದರು ಈಗ ಮನೆಯಲ್ಲೇ ಇದ್ದಾರೆ. ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದರ ಮೇಲೆ ಕೂರುತ್ತಾರೆ. ಮೊನ್ನೆ ನೋಡಲು ಹೋದಾಗ ಈ ಡಬ್ಬಿಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಅಂಚು ಚೆನ್ನಾಗಿ ಬಂದಿದೆ" ಅಂದರು. ಆಮೇಲೆ, "ಮುಖಕ್ಕೆ ಹಾಕ್ಕೊಂಡಿದ್ಯಾ?" ಎಂದು ಕೇಳಿದರು. ಹೌದು ಅಂದೆ. ಅದು ನಿಜವೇ ಆಗಿತ್ತು. ಆ ಹುಡುಗಿ ಕೇಳಿದ ದಿನ ನಾನು ಕ್ಯಾನ್ ಕೆಳಗಿಟ್ಟು ಪೇಟೆಗೆ ಹೋಗಿ ಹದಿಮೂರನೆಯ ಮಾಸ್ಕ್ ತಂದೆ. ಕೆಲಸ ಮಧ್ಯಾಹ್ನಕ್ಕೆ ತಡವಾಯಿತು, ಗಾಳಿ ಎದ್ದಿತು, ಬಣ್ಣ ಮರುದಿನಕ್ಕೆ ಹೋಯಿತು. ಹೋಗಲಿ.

ನಮ್ಮ ಊರಿನಿಂದ ಪ್ರತಿ ವರ್ಷ ಒಂದಿಬ್ಬರು ಹುಡುಗರು ಗ್ಯಾರೇಜು, ಫ್ಯಾಬ್ರಿಕೇಶನ್ನು, ಪೇಂಟಿಂಗು ಎಂದು ಹೋಗುತ್ತಾರೆ. ಪರೀಕ್ಷೆಯಲ್ಲಿ ಫೇಲಾದ ಮನೆಯ ಹುಡುಗನನ್ನು ಯಾವುದಾದರೂ ಕೆಲಸಕ್ಕೆ ತಳ್ಳಿದರೆ ಸಾಕು ಎಂದುಕೊಳ್ಳುವ ತಂದೆತಾಯಿಗಳು ಇಲ್ಲಿ ಕೂತಿದ್ದೀರಿ. ನನ್ನಪ್ಪನೂ ಹಾಗೇ ಅಂದುಕೊಂಡಿದ್ದರು, ತಪ್ಪೇನಿಲ್ಲ. ಆದರೆ ಕೆಲಸಕ್ಕೆ ಸೇರಿಸುವ ದಿನ ಸಂಬಳ ಎಷ್ಟು ಎಂದು ಕೇಳುವ ಜೊತೆಗೆ ಮಾಸ್ಕ್ ಕೊಡುತ್ತೀರಾ ಎಂದೂ ಮಾಲೀಕರನ್ನು ಕೇಳಿ. ಕೊಡದಿದ್ದರೆ ನೀವೇ ಒಂದು ಕೊಂಡುಕೊಡಿ. ಈಗ ನನ್ನ ಗ್ಯಾರೇಜಿನಲ್ಲಿ ಮೂವರು ಹುಡುಗರಿದ್ದಾರೆ. ಗೋಡೆಗೆ ನಾಲ್ಕು ಮೊಳೆ ಹೊಡೆದು ನಾಲ್ಕು ಮಾಸ್ಕ್ ತೂಗುಹಾಕಿದ್ದೇನೆ. ಅದು ಮೊಳೆಯಲ್ಲೇ ಇದ್ದರೆ ಗನ್ನಿಗೆ ಗಾಳಿ ಬಿಡುವುದಿಲ್ಲ, ನನಗೂ ಸೇರಿಸಿ. ಈ ಬುದ್ಧಿ ಬರಲು ಒಂಬತ್ತನೇ ತರಗತಿಯ ಹುಡುಗಿ ಬೇಕಾಯಿತು.

ಆರು ಕಂಪ್ಯೂಟರುಗಳು ಕೋಣೆಯಲ್ಲಿವೆ. ಬೀಗ ಹಾಕಿಲ್ಲ, ಊಟಕ್ಕೆ ಹೋಗುವ ಮೊದಲು ಎಲ್ಲರೂ ನೋಡಿ ಹೋಗಿ. ಐದರ ನಂಬರ್ ಹಾಗೇ ಉಳಿದಿದೆ. ಆರನೆಯದು ನಾನು ಕೆಡಿಸಿದ ಡಬ್ಬಿಯಿಂದ ಬಂದದ್ದು. ಅದರ ಒಳಗಿನದನ್ನೆಲ್ಲ ಕೆಟ್ಟುಹೋದ ಎರಡರಲ್ಲಿ ಒಂದರ ಡಬ್ಬಿಗೆ ಜೋಡಿಸಿದ್ದೇವೆ. ಎರಡೂ ಡಬ್ಬಿಗಳ ವಿಷಯವನ್ನು ಮೇಡಂ ವಹಿಯಲ್ಲಿ ಷರಾ ಸಮೇತ ಬರೆದಿದ್ದಾರೆ. ಕೆಟ್ಟ ಡಬ್ಬಿ ವಿಜ್ಞಾನದ ಕೋಣೆಯಲ್ಲೇ ಇರಲಿ ಎಂದು ಅವರನ್ನು ಕೇಳಿಕೊಂಡೆ, ಒಪ್ಪಿದ್ದಾರೆ. ಉಳಿದ ಕ್ಯಾನುಗಳು, ವಾಟರ್ ಪೇಪರು, ಹನ್ನೆರಡು ಮಾಸ್ಕು ಅದರ ಪಕ್ಕದ ಕಪಾಟಿನಲ್ಲಿವೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ನಾನು ಬರುತ್ತೇನೆ. ಮುಂದಿನ ಸಲ ಶಾಲೆಯ ಕಬ್ಬಿಣದ ಬೆಂಚುಗಳು.

ಹದಿಮೂರನೆಯದು ನನ್ನ ಹತ್ತಿರವೇ ಇದೆ. ಅದನ್ನು ಕೊಡುವುದಿಲ್ಲ.